ಹಿಡಿ ಇರುವ ಕಬ್ಬಿಣದ ಬಿಲ್ಲೆ, ಅಂಚಿನಲ್ಲಿ ಒಂದೇ ಕಚ್ಚು: ಇದು ಯಾವ ಕೆಲಸದ ಸಲಕರಣೆ?

ಹಳೆಪೆಟ್ಟಿಗೆ

ಹಳೆಯ ಕೈಸಲಕರಣೆಗಳಿರುವ ಮರದ ಪೆಟ್ಟಿಗೆಯೊಂದು ನನ್ನ ಕೈಗೆ ಬಂದಿದೆ. ಉಳಿ, ಇಕ್ಕಳ, ಬೈರಿಗೆ ಎಲ್ಲದರ ಗುರುತು ಸಿಕ್ಕಿತು. ಒಂದು ಮಾತ್ರ ಏನೆಂದು ಗೊತ್ತಾಗುತ್ತಿಲ್ಲ. ಫೋಟೊ ಹಾಕಿದ್ದೇನೆ, ಆದರೂ ಬರೆದು ಹೇಳುತ್ತೇನೆ.

ದುಂಡನೆಯ ಕಬ್ಬಿಣದ ಬಿಲ್ಲೆ. ಬಿಚ್ಚಿದ ಅಂಗೈಗಿಂತ ಸ್ವಲ್ಪ ಅಗಲ. ಕವಲೊಡೆದ ಕಬ್ಬಿಣದ ಹಿಡಿಯ ನಡುವೆ ಒಂದು ರಿವೆಟ್ ಮೇಲೆ ಕೂತಿದೆ. ಬೆರಳಿನಿಂದ ತಳ್ಳಿದರೆ ಸಲೀಸಾಗಿ ತಿರುಗುತ್ತದೆ. ಅಂಚು ತೆಳುವಾಗಿದೆ, ಆದರೆ ಹರಿತವಿಲ್ಲ. ಹಲ್ಲುಗಳೂ ಇಲ್ಲ. ಅಂಚಿನ ಒಂದು ಕಡೆ ಮಾತ್ರ ಆಳವಾದ ಕಚ್ಚು ಇದೆ. ಆ ಕಚ್ಚಿನ ಪಕ್ಕಕ್ಕೆ, ಬಿಲ್ಲೆಯ ಮೈಮೇಲೆ, ಸುತ್ತಿಗೆಯಿಂದ ಪಂಚ್ ಮಾಡಿದ ಮೂರು ಸಣ್ಣ ಚುಕ್ಕಿಗಳಿವೆ. ಅಂಕಿ ಇಲ್ಲ, ಹೆಸರಿಲ್ಲ, ಕಂಪನಿಯ ಮುದ್ರೆಯೂ ಇಲ್ಲ. ಬಿಲ್ಲೆಯಲ್ಲಿ ನಾಲ್ಕು ದೊಡ್ಡ ತೂತುಗಳಿವೆ, ಬಹುಶಃ ಭಾರ ಕಡಿಮೆ ಮಾಡಲು. ಹಿಡಿಯ ತುದಿಗೆ ಮರದ ಹಿಡಿಕೆ ಹಾಕಿದ್ದಾರೆ.

ಯಾವ ಕಸುಬಿನದು ಅಂತ ತಿಳಿದರೂ ಸಾಕು, ಅಲ್ಲಿಂದ ಹುಡುಕಬಹುದು.

ಚರ್ಮಸೂಜಿ

ಮೊದಲ ನೋಟಕ್ಕೆ ಚರ್ಮದ ಕೆಲಸದ ಗುರುತು ಚಕ್ರ ಅನ್ನಿಸಿತು. ಹೊಲಿಗೆ ಹಾಕುವ ಮುಂಚೆ ಚರ್ಮದ ಮೇಲೆ ಸಮ ಅಂತರದ ಗುರುತು ಮೂಡಿಸಲು ಅದನ್ನು ಉರುಳಿಸುತ್ತೇವೆ. ಆದರೆ ಅದಕ್ಕೆ ಹಲ್ಲು ಇರಲೇಬೇಕು. ಅಳತೆಯಲ್ಲೂ ತುಂಬಾ ಚಿಕ್ಕದು, ನಾಣ್ಯದಷ್ಟೇ ಇರುತ್ತದೆ. ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕುವ ಚಕ್ರಕ್ಕೂ ಹಲ್ಲು ಇರುತ್ತದೆ. ನಿಮ್ಮದರ ಅಂಚು ನಿಜಕ್ಕೂ ನುಣುಪಾಗಿದೆಯಾ? ಹಲ್ಲು ಸವೆದು ಹೋಗಿರಬಹುದಾ? ಭೂತಗನ್ನಡಿಯಲ್ಲಿ ಒಮ್ಮೆ ನೋಡಿ.

ಹಳೆಪೆಟ್ಟಿಗೆ

ನೋಡಿದೆ. ಹಲ್ಲು ಇದ್ದ ಕುರುಹು ಎಲ್ಲೂ ಇಲ್ಲ. ಬಿಲ್ಲೆಯ ಮೈಯೆಲ್ಲ ತುಕ್ಕು. ಅಂಚಿನಲ್ಲಿ ಮಾತ್ರ ತುಕ್ಕಿನ ಕೆಳಗೆ ಹೊಳಪಿದೆ, ಅದೂ ಸುತ್ತಲೂ ಒಂದೇ ಸಮನಾಗಿ.

ಹೊಲಿಗೆಪುಟ

ಆ ಒಂದು ಕಚ್ಚು ನೋಡಿ ನನಗೆ ಕುತೂಹಲ ಜಾಸ್ತಿಯಾಯಿತು. ಪುಸ್ತಕ ಕಟ್ಟುವವರ ಹತ್ತಿರ ಹೀಗೇ ಕಾಣುವ ಚಕ್ರವೊಂದು ಇರುತ್ತದೆ. ಚರ್ಮದ ರಟ್ಟಿನ ಮೇಲೆ ಚಿನ್ನದ ಗೆರೆ ಎಳೆಯಲು ಅದನ್ನು ಬಿಸಿ ಮಾಡಿ ಉರುಳಿಸುತ್ತಾರೆ. ಹೆಸರು ಫಿಲೆಟ್. ಅದರ ಅಂಚಿನಲ್ಲೂ ಹಲವು ಸಲ ಒಂದು ಕಚ್ಚು ಕತ್ತರಿಸಿರುತ್ತಾರೆ. ಮೂಲೆಯಲ್ಲಿ ಗೆರೆ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಆ ಕಚ್ಚಿನಿಂದ ಕಣ್ಣಿಗೆ ಕಾಣುತ್ತದೆ.

ಆದರೆ ಮೂರು ವಿಷಯ ನೋಡಬೇಕು. ಫಿಲೆಟ್ ಸಾಮಾನ್ಯವಾಗಿ ಹಿತ್ತಾಳೆಯದು. ಅದರ ಅಂಚು ದಪ್ಪ, ಮಧ್ಯದಲ್ಲಿ ಉಬ್ಬಿದ ಗೆರೆ ಇರುತ್ತದೆ. ಹಿಡಿ ಉದ್ದ, ಭುಜಕ್ಕೆ ಆನಿಸಿ ಒತ್ತುವಷ್ಟು ಉದ್ದ. ನಿಮ್ಮದಕ್ಕೆ ಮ್ಯಾಗ್ನೆಟ್ ಅಂಟುತ್ತದೆಯೇ?

ಹಳೆಪೆಟ್ಟಿಗೆ

ಅಂಟುತ್ತದೆ, ಗಟ್ಟಿಯಾಗಿ. ಹಿಡಿಯೂ ಉದ್ದವಿಲ್ಲ. ಒಂದು ಕೈಯಲ್ಲಿ ಹಿಡಿಯುವಷ್ಟೇ ಇದೆ. ಅಂಚಿನಲ್ಲಿ ಉಬ್ಬು ಗೆರೆ ಇಲ್ಲ. ಎರಡೂ ಕಡೆಯಿಂದ ಇಳಿಜಾರಾಗಿ ತೆಳುವಾಗಿದೆ.

ಚರ್ಮಸೂಜಿ

ಹಾಗಿದ್ದರೆ ಪುಸ್ತಕದ ಕೆಲಸವನ್ನೂ ಚರ್ಮದ ಕೆಲಸವನ್ನೂ ಬಿಟ್ಟುಬಿಡಬಹುದು. ಮರದ ತೊಗಟೆಯಿಂದ ಹದ ಮಾಡಿದ ಚರ್ಮ ಒದ್ದೆ ಇದ್ದಾಗ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ತೊಗಟೆಯ ಒಗರು ಕಬ್ಬಿಣದ ಜೊತೆ ಸೇರಿ ಮಸಿಯಾಗುತ್ತದೆ. ಆ ಕಲೆ ಹೋಗುವುದಿಲ್ಲ. ಚೆನ್ನಾಗಿ ಕಾಣಬೇಕಾದ ಚರ್ಮದ ಮೇಲೆ ಬರಿ ಕಬ್ಬಿಣದ ಚಕ್ರವನ್ನು ಯಾರೂ ಉರುಳಿಸುವುದಿಲ್ಲ.

ಲೆಕ್ಕಿಗ

ಇದು ಅಳತೆಯ ಚಕ್ರ ಅಂತ ನನ್ನ ಅನಿಸಿಕೆ. ಹಲ್ಲಿಲ್ಲ, ಹರಿತವಿಲ್ಲ, ಸಲೀಸಾಗಿ ಉರುಳುತ್ತದೆ, ಒಂದು ಸುತ್ತು ಮುಗಿದದ್ದು ತಿಳಿಯಲು ಒಂದು ಕಚ್ಚು ಇದೆ. ಕತ್ತರಿಸುವ ಸಲಕರಣೆಗೆ ಇಂಥ ಕಚ್ಚು ಬೇಕಿಲ್ಲ, ಅಡ್ಡಿಯೇ ಆಗುತ್ತದೆ.

ಜಮೀನು ಮತ್ತು ರಸ್ತೆ ಅಳೆಯುವ ಚಕ್ರ ಇದಲ್ಲ. ಅದು ತುಂಬಾ ದೊಡ್ಡದು, ನಿಂತುಕೊಂಡೇ ತಳ್ಳುವಂಥದ್ದು, ಸುತ್ತುಗಳನ್ನು ಎಣಿಸುವ ಯಂತ್ರವೂ ಇರುತ್ತದೆ. ನಕ್ಷೆಯ ಮೇಲೆ ಉರುಳಿಸುವ ಚಕ್ರ ಬೆರಳುಗುರಿನಷ್ಟು ಚಿಕ್ಕದು. ನಿಮ್ಮದು ಈ ಎರಡರ ನಡುವೆ ಇದೆ.

ಒಂದು ಕೆಲಸ ಮಾಡಿ. ಅಂಚಿನ ಸುತ್ತ ದಾರ ಸುತ್ತಿ ಸುತ್ತಳತೆ ತೆಗೆಯಿರಿ. 609.6 ಮಿ.ಮೀ. ಬಂದರೆ ಸರಿಯಾಗಿ 24 ಇಂಚು. ಅಥವಾ ಅರ್ಧ ಮೀಟರ್ ಇರಬಹುದು. ಅಳತೆಯ ಚಕ್ರವಾದರೆ ಯಾವುದೋ ಒಂದು ಪೂರ್ಣ ಸಂಖ್ಯೆ ಸಿಗಬೇಕು.

ಹಳೆಪೆಟ್ಟಿಗೆ

ದಾರ ಸುತ್ತಿ ಅಳೆದೆ. 58 ಸೆಂ.ಮೀ.ಗೆ ಒಂದು ಕೂದಲಷ್ಟು ಜಾಸ್ತಿ. ವ್ಯಾಸ 18.5 ಸೆಂ.ಮೀ. ಇಂಚಿನಲ್ಲಿ 23ಕ್ಕೆ ಹತ್ತಿರ, ಆದರೆ ಸರಿಯಾಗಿ 23 ಅಲ್ಲ.

ಲೆಕ್ಕಿಗ

ಆಗ ಗೊಂದಲವಾಯಿತಲ್ಲ. ಯಾವ ಪದ್ಧತಿಯಲ್ಲೂ ಅದು ಪೂರ್ಣ ಸಂಖ್ಯೆಯಲ್ಲ. ಅಳತೆ ಮಾಡುವ ವಸ್ತುವಿಗೇ ಅಳತೆ ಇಲ್ಲ ಅಂದರೆ ಹೇಗೆ?

ಕುಲುಮೆಕಿಡಿ

ಈ ಚರ್ಚೆಯನ್ನು ಈಗಷ್ಟೇ ನೋಡಿದೆ. ಲೆಕ್ಕಿಗರು ಹೇಳಿದ್ದು ಸರಿ, ಇದು ಅಳತೆಯ ಚಕ್ರವೇ. ಮರದ ಗಾಲಿಗೆ ಕಬ್ಬಿಣದ ಹಳಿ ಏರಿಸುವ ಕಮ್ಮಾರರ ಸಲಕರಣೆ. ಇಂಗ್ಲಿಷಿನವರು ಟ್ರಾವೆಲರ್ ಅನ್ನುತ್ತಾರೆ. ಸುತ್ತಳತೆ ಪೂರ್ಣ ಸಂಖ್ಯೆ ಆಗಿರಬೇಕಾದ ಅಗತ್ಯ ಇದಕ್ಕಿಲ್ಲ. ಯಾಕೆ ಅನ್ನುವುದೇ ಈ ಸಲಕರಣೆಯ ಜೀವಾಳ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮರದ ಗಾಲಿ ಹೇಗಿರುತ್ತದೆ ನೋಡಿ. ನಡುವೆ ಗುಂಬ. ಅದರಿಂದ ಹೊರಟ ಅರಗಳು, ಅಂದರೆ ಕಡ್ಡಿಗಳು. ಹೊರಸುತ್ತಿನಲ್ಲಿ ಬಾಗಿದ ಮರದ ತುಂಡುಗಳು. ಇವನ್ನು ಬಡಗಿ ಜೋಡಿಸಿ ಕೊಡುತ್ತಾನೆ. ಆದರೆ ಅಂಟು, ಮೊಳೆಗಳಿಂದ ಗಾಲಿ ಬಿಗಿಯಾಗಿ ನಿಲ್ಲುವುದಿಲ್ಲ. ಅದನ್ನು ಬಿಗಿಯಾಗಿ ಹಿಡಿಯುವುದು ಹೊರಗಿನ ಕಬ್ಬಿಣದ ಹಳಿ. ಹೊರಸುತ್ತಿನ ತುಂಡುಗಳ ನಡುವೆ ಬಡಗಿ ಬೇಕೆಂದೇ ಸ್ವಲ್ಪ ಸಂದು ಬಿಟ್ಟಿರುತ್ತಾನೆ. ಹಳಿಯನ್ನು ಗಾಲಿಗಿಂತ ಸ್ವಲ್ಪ ಚಿಕ್ಕದಾಗಿ ಮಾಡುತ್ತೇವೆ. ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗುತ್ತದೆ. ಹಿಗ್ಗಿದ ಹಳಿಯನ್ನು ಗಾಲಿಯ ಮೇಲೆ ಕೂರಿಸಿ ತಕ್ಷಣ ನೀರು ಸುರಿಯುತ್ತೇವೆ. ಕಬ್ಬಿಣ ಕುಗ್ಗುತ್ತದೆ, ಸಂದುಗಳು ಮುಚ್ಚುತ್ತವೆ, ಅರಗಳು ಗುಂಬದೊಳಕ್ಕೆ ಒತ್ತಿ ಕೂರುತ್ತವೆ. ಮರ ಕಿರುಗುಟ್ಟುವುದು ಕಿವಿಗೆ ಕೇಳುತ್ತದೆ.

ಈಗ ಪ್ರಶ್ನೆ: ಹಳಿ ಎಷ್ಟು ಚಿಕ್ಕದಿರಬೇಕು? ಜಾಸ್ತಿ ಚಿಕ್ಕದಾದರೆ ಕಾಯಿಸಿದರೂ ಗಾಲಿಗೆ ಏರುವುದಿಲ್ಲ. ಒತ್ತಿ ಏರಿಸಿದರೆ ಅರಗಳು ಬಾಗುತ್ತವೆ, ಕೆಲವು ಮುರಿಯುತ್ತವೆ. ಸಾಲದಿದ್ದರೆ ಮರ ಒಣಗಿದ ಕೂಡಲೇ ಹಳಿ ಸಡಿಲವಾಗುತ್ತದೆ. ಹಾಗಾಗಿ ಗಾಲಿಯ ಹೊರಸುತ್ತಳತೆ ಮತ್ತು ಹಳಿಯ ಒಳಸುತ್ತಳತೆ ಇವೆರಡರ ನಡುವಿನ ವ್ಯತ್ಯಾಸ ಮಾತ್ರ ಕಮ್ಮಾರನಿಗೆ ಬೇಕು. ಸುತ್ತಳತೆ ಎಷ್ಟು ಅಂತ ಅವನಿಗೆ ಗೊತ್ತಾಗಬೇಕಿಲ್ಲ.

ಅಳೆಯುವುದು ಹೀಗೆ. ಗಾಲಿಯ ಹೊರಮೈ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು. ಬಿಲ್ಲೆಯ ಕಚ್ಚನ್ನು ಆ ಗೀಟಿಗೆ ಇಟ್ಟು ಉರುಳಿಸುತ್ತಾ ಗಾಲಿಯನ್ನು ಒಂದು ಸುತ್ತು ಬರಬೇಕು. ಕಚ್ಚು ಎಷ್ಟು ಸಲ ಕೆಳಗೆ ಬಂತು ಅಂತ ಎಣಿಸಬೇಕು. ಗೀಟಿಗೆ ಮರಳಿ ಬಂದಾಗ ಬಿಲ್ಲೆಯ ಅಂಚು ಎಲ್ಲಿ ತಾಗಿದೆಯೋ ಅಲ್ಲಿ ಬಿಲ್ಲೆಯ ಮೇಲೂ ಒಂದು ಗೀಟು. ಆಮೇಲೆ ಹಳಿಯ ಒಳಮೈಗೂ ಒಂದು ಗೀಟು ಹಾಕಿ, ಅದೇ ಬಿಲ್ಲೆಯನ್ನು ಕಚ್ಚಿನಿಂದ ಶುರು ಮಾಡಿ ಒಳಗೆ ಅಷ್ಟೇ ಸುತ್ತು ಉರುಳಿಸಿ ಆ ಗೀಟಿಗೆ ಮರಳಬೇಕು. ಕೊನೆಗೆ ಬಿಲ್ಲೆಯ ಮೇಲೆ ಎರಡನೇ ಗೀಟು. ಈ ಎರಡು ಗೀಟುಗಳ ನಡುವಿನ ಅಂತರವೇ ವ್ಯತ್ಯಾಸ. ಕಣ್ಣೆದುರಿಗೇ ಇರುತ್ತದೆ. ಕೂಡಿಸುವುದು, ಕಳೆಯುವುದು, ಬರೆದಿಡುವುದು ಯಾವುದೂ ಬೇಡ.

ಎರಡಕ್ಕೂ ಒಂದೇ ಬಿಲ್ಲೆ ಬಳಸುವುದರಿಂದ ಅದು 58 ಸೆಂ.ಮೀ. ಇದ್ದರೇನು, 61 ಇದ್ದರೇನು? ಎರಡೂ ಕಡೆ ಅದೇ ಇರುತ್ತದೆ.

ಸುಮ್ನೆ_ಓದುಗ

ಅದ್ಭುತ! ಆದರೆ ಒಂದು ಅನುಮಾನ. ಟೇಪ್ ಇಲ್ಲದ ಕಾಲದಲ್ಲೂ ಹಗ್ಗ ಇತ್ತಲ್ವಾ? ಹಗ್ಗ ಸುತ್ತಿದರೆ ಮುಗಿಯಲಿಲ್ಲವೇ? ಇಲ್ಲವಾದರೆ ವ್ಯಾಸ ಅಳೆದು 3.14ರಿಂದ ಗುಣಿಸಬಹುದಿತ್ತು.

ಕುಲುಮೆಕಿಡಿ

ಹಗ್ಗವನ್ನು ಗಾಲಿಯ ಹೊರಗೆ ಸುತ್ತಬಹುದು. ಹಳಿಯ ಒಳಗೆ? ಒಳಮೈಗೆ ಅದು ಅಂಟಿ ನಿಲ್ಲುವುದಿಲ್ಲ, ಕುಸಿದು ಬೀಳುತ್ತದೆ. ಜೊತೆಗೆ ಹಗ್ಗ ಎಳೆದಷ್ಟು ಹಿಗ್ಗುತ್ತದೆ. ಬೆರಳಿನಗಲದ ವ್ಯತ್ಯಾಸ ಹುಡುಕುವ ಕೆಲಸದಲ್ಲಿ ಹಿಗ್ಗುವ ವಸ್ತುವನ್ನು ನಂಬಲಾಗದು.

ವ್ಯಾಸದ ಕಥೆ ಇನ್ನೂ ಕಷ್ಟ. ಗುಂಬ ನಡುವೆ ಎದ್ದು ನಿಂತಿರುತ್ತದೆ, ಅಡ್ಡಲಾಗಿ ಕೋಲು ಇಡಲು ಬಿಡುವುದಿಲ್ಲ. ಕೈಯಲ್ಲಿ ಮಾಡಿದ ಗಾಲಿ ಪೂರ್ತಿ ದುಂಡಗೂ ಇರುವುದಿಲ್ಲ, ಒಂದೊಂದು ಕಡೆ ಅಳೆದರೆ ಒಂದೊಂದು ವ್ಯಾಸ. ಅದರಲ್ಲಿ 2 ಮಿ.ಮೀ. ತಪ್ಪಿದರೆ ಸುತ್ತಳತೆಯಲ್ಲಿ 6 ಮಿ.ಮೀ.ಗೂ ಜಾಸ್ತಿ ತಪ್ಪುತ್ತದೆ. ಬಿಲ್ಲೆ ಉರುಳಿಸಿದರೆ ಗಾಲಿ ಸೊಟ್ಟಗಿದ್ದರೂ ಅದರ ನಿಜವಾದ ಸುತ್ತು ಸಿಗುತ್ತದೆ.

ಉಳಿಬಾಚಿ

ಪೀಪಾಯಿ ಮಾಡುವವರೂ ಕಬ್ಬಿಣದ ಪಟ್ಟಿ ಹಾಕುತ್ತಾರಲ್ಲ? ಇದು ಅವರದ್ದೂ ಆಗಿರಬಹುದಲ್ವಾ? ಮರದ ಕೆಲಸ ಮಾಡುವವನಾಗಿ ಕೇಳುತ್ತಿದ್ದೇನೆ, ಎರಡರಲ್ಲೂ ಮರವನ್ನು ಹೊರಗಿನಿಂದ ಕಬ್ಬಿಣ ಬಿಗಿಯುತ್ತದೆ.

ಕುಲುಮೆಕಿಡಿ

ಒಳ್ಳೆಯ ಪ್ರಶ್ನೆ. ಪೀಪಾಯಿ ಮಧ್ಯದಲ್ಲಿ ಉಬ್ಬಿ, ತುದಿಗಳಲ್ಲಿ ಸಣ್ಣಗಿರುತ್ತದೆ. ಪಟ್ಟಿಯನ್ನು ಸಣ್ಣ ಕಡೆಯಿಂದ ಹಾಕಿ ಸುತ್ತಿಗೆಯಿಂದ ಉಬ್ಬಿನ ಕಡೆಗೆ ಬಡಿಯುತ್ತಾರೆ. ಬಡಿದಷ್ಟೂ ಬಿಗಿಯಾಗುತ್ತದೆ. ಪಟ್ಟಿ ಸ್ವಲ್ಪ ದೊಡ್ಡದಾದರೆ ಇನ್ನೂ ಒಂದು ಬೆರಳು ಕೆಳಗಿಳಿಯುತ್ತದೆ, ಅಷ್ಟೇ. ಅವರು ಪಟ್ಟಿಯನ್ನು ಪೀಪಾಯಿಗೇ ಸುತ್ತಿ ಗುರುತು ಹಾಕಿ ರಿವೆಟ್ ಹೊಡೆಯುತ್ತಾರೆ. ಗಾಲಿಯ ಹಳಿಗೆ ಆ ಸೌಲಭ್ಯವಿಲ್ಲ. ಗಾಲಿಯ ಹೊರಮೈ ನೇರ, ಆಚೀಚೆ ಸರಿಸಿ ಬಿಗಿ ಮಾಡಲು ಆಗುವುದಿಲ್ಲ. ಬೆಂಕಿ ಹಚ್ಚುವ ಮುಂಚೆಯೇ ಅಳತೆ ಸರಿಯಾಗಿರಬೇಕು.

ಲೆಕ್ಕಿಗ

ಈ ಹಿಗ್ಗುವ ಲೆಕ್ಕವನ್ನು ಮಾಡಿ ನೋಡಿದೆ. ಎಷ್ಟು ಸಣ್ಣ ಅವಕಾಶದಲ್ಲಿ ಈ ಕೆಲಸ ನಡೆಯುತ್ತದೆ ಅಂತ ನೋಡಿ ಬೆರಗಾಯಿತು.

ಗಾಲಿಯ ವ್ಯಾಸ 1.2 ಮೀಟರ್ ಅಂತ ಇಟ್ಟುಕೊಳ್ಳಿ. ಸುತ್ತಳತೆ ಸುಮಾರು 3,770 ಮಿ.ಮೀ. ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 600 ಡಿಗ್ರಿ ಏರಿಸಿದರೆ ಹಳಿ 27 ಮಿ.ಮೀ. ಉದ್ದವಾಗುತ್ತದೆ. ಬಿಸಿ ಏರಿದಂತೆ ಈ ದರವೂ ಸ್ವಲ್ಪ ಏರುತ್ತದೆ, ಹಾಗಾಗಿ 27 ಅನ್ನುವುದು ಕನಿಷ್ಠ ಲೆಕ್ಕ.

ಹಳಿಯನ್ನು 20 ಮಿ.ಮೀ. ಚಿಕ್ಕದಾಗಿ ಮಾಡಿದ್ದರೆ ಉಳಿದದ್ದು 7 ಮಿ.ಮೀ. ಅದೂ ಸುತ್ತಳತೆಯಲ್ಲಿ. ಗಾಲಿಯ ಸುತ್ತಲೂ ಹಂಚಿದರೆ ಹಳಿಗೂ ಮರಕ್ಕೂ ನಡುವೆ ಸಿಗುವ ಸಂದು 1 ಮಿ.ಮೀ.ಗೆ ಸ್ವಲ್ಪ ಮೇಲೆ! ಅಷ್ಟರಲ್ಲಿ ಕೆಂಪಗೆ ಕಾದ ಹಳಿಯನ್ನು ಕೂರಿಸಬೇಕು. ಹಳಿಯ ಒಂದು ಭಾಗ ಸರಿಯಾಗಿ ಕಾಯದಿದ್ದರೆ ಆ ಸಂದೂ ಇರುವುದಿಲ್ಲ. ಸುತ್ತಲೂ ಬೆಂಕಿ ಒಟ್ಟಿ ಇಡೀ ಹಳಿಯನ್ನು ಒಂದೇ ಸಮ ಕಾಯಿಸುವುದು ಇದಕ್ಕೇ ಇರಬೇಕು.

ರೈಲಿನ ಉಕ್ಕಿನ ಗಾಲಿಗಳಿಗೂ ಹೊರಪಟ್ಟಿಯನ್ನು ಹೀಗೇ ಕಾಯಿಸಿ ಏರಿಸುವ ಪದ್ಧತಿ ಇದೆ. ಅಲ್ಲಿ ವ್ಯಾಸದ ಸುಮಾರು ಸಾವಿರದಲ್ಲಿ ಒಂದು ಪಾಲು ಚಿಕ್ಕದು ಮಾಡುತ್ತಾರೆ. 1.2 ಮೀಟರಿಗೆ ಆ ಲೆಕ್ಕ ಹಿಡಿದರೆ ಸುತ್ತಳತೆಯಲ್ಲಿ 4 ಮಿ.ಮೀ. ಕೂಡ ಆಗುವುದಿಲ್ಲ. ಮರದ ಗಾಲಿಗೆ ಅಷ್ಟೊಂದು ಜಾಸ್ತಿ ಯಾಕೆ ಅಂತ ಕುಲುಮೆಕಿಡಿಯವರು ಹೇಳಬೇಕು.

ಕುಲುಮೆಕಿಡಿ

ಉಕ್ಕಿನ ಮೇಲೆ ಉಕ್ಕು ಕೂರುವಾಗ ಮುಚ್ಚಬೇಕಾದ ಸಂದುಗಳಿಲ್ಲ. ಮರದ ಗಾಲಿಯಲ್ಲಿ ಹೊರಸುತ್ತಿನ ಪ್ರತಿಯೊಂದು ಜೋಡಣೆಯೂ ಸ್ವಲ್ಪ ತೆರೆದಿರುತ್ತದೆ. ಹಳಿ ಕುಗ್ಗುವಾಗ ಮೊದಲು ಅವನ್ನೆಲ್ಲ ಮುಚ್ಚಬೇಕು. ಮುಚ್ಚಿದ ಮೇಲೆಯೂ ಎಳೆತ ಉಳಿದಿರಬೇಕು. ಮರವೇ ಸ್ವಲ್ಪ ಅಮುಕುತ್ತದೆ, ಅದಕ್ಕೂ ಪಾಲು ಕೊಡಬೇಕು.

ಹಾಗಾಗಿ ಎಲ್ಲ ಗಾಲಿಗೂ ಒಂದೇ ಲೆಕ್ಕವಿಲ್ಲ. ಸಂದು ತೆರೆದಿರುವ ಹೊಸ ಗಾಲಿಗೆ ಜಾಸ್ತಿ. ಒಮ್ಮೆ ಹಳಿ ಕಂಡು ಜೋಡಣೆ ಕೂಡಿಕೊಂಡಿರುವ ಹಳೆಯ ಗಾಲಿಗೆ ಕಡಿಮೆ. ತೆಳು ಅರಗಳ ಹಗುರ ಗಾಲಿಗೆ ಇನ್ನೂ ಕಡಿಮೆ. ಹಲವು ಗಾಲಿಗಳನ್ನು ಬಟ್ಟಲಿನ ಹಾಗೆ ಸ್ವಲ್ಪ ಒಳಬಾಗುವಂತೆ ಮಾಡಿರುತ್ತಾರೆ. ಹಳಿ ಬಿಗಿದಾಗ ಆ ಬಾಗು ಇನ್ನಷ್ಟು ಹೆಚ್ಚುತ್ತದೆ. ಕಮ್ಮಾರ ಬಡಗಿಯ ಜೊತೆ ಕೂತು ಗಾಲಿಯನ್ನು ತಟ್ಟಿ, ಅಲ್ಲಾಡಿಸಿ ನೋಡಿದ ಮೇಲೆಯೇ ಎಷ್ಟು ಅಂತ ತೀರ್ಮಾನ ಮಾಡುವುದು.

ಹಳೆಪೆಟ್ಟಿಗೆ

ಇವೆಲ್ಲ ಓದಿ ನನಗೆ ಬಹಳ ಖುಷಿಯಾಗುತ್ತಿದೆ. ತಿರುಗಿಸಿ ನೋಡಲೇಬೇಕು ಅನ್ನಿಸಿ, ಹಳೆಯ ಕಬ್ಬಿಣದ ಡ್ರಮ್ಮಿನ ಸುತ್ತ ಬಿಲ್ಲೆ ಉರುಳಿಸಿದೆ. ನೆಟ್ಟಗೆ ಹಿಡಿದು ನಿಧಾನವಾಗಿ ಹೋದರೆ ಪ್ರತಿ ಸಲವೂ ಗೀಟು ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬರುತ್ತದೆ. ಓರೆ ಮಾಡಿದರೆ ಅಥವಾ ಅವಸರ ಮಾಡಿದರೆ ದೂರ ಸರಿಯುತ್ತದೆ.

ಆದರೆ ಆ ಮೂರು ಚುಕ್ಕಿಗಳ ವಿಷಯ ಯಾರೂ ಹೇಳಲಿಲ್ಲ. ಕಚ್ಚಿನ ಒಂದೇ ಪಕ್ಕದಲ್ಲಿವೆ, ಅಂಚಿಗೆ ಹತ್ತಿರ.

ಉಳಿಬಾಚಿ

ಮಾಲೀಕನ ಗುರುತಿರಬಹುದು. ಹಲವರು ಕೂಡಿ ಕೆಲಸ ಮಾಡುವ ಕಡೆ ಸಲಕರಣೆ ಅದಲುಬದಲಾಗದಿರಲಿ ಅಂತ ಚುಕ್ಕಿ, ಗೀಟು ಹೊಡೆಯುವುದು ಸಾಮಾನ್ಯ. ನನ್ನ ಹಳೆಯ ಉಳಿಗಳ ಮೇಲೂ ಇಂಥ ಚುಕ್ಕಿಗಳಿವೆ.

ಲೆಕ್ಕಿಗ

ಇರಬಹುದು. ಆದರೂ ಕಚ್ಚಿನಿಂದ ಪ್ರತಿ ಚುಕ್ಕಿಗೆ ಎಷ್ಟು ದೂರ ಅಂತ ಅಂಚಿನ ಗುಂಟ ಅಳೆದು ಹೇಳುತ್ತೀರಾ?

ಹಳೆಪೆಟ್ಟಿಗೆ

ಅಳೆದೆ. ಮೊದಲನೆಯದು 13 ಮಿ.ಮೀ. ಎರಡನೆಯದು 19. ಮೂರನೆಯದು 25ಕ್ಕೆ ಸ್ವಲ್ಪ ಜಾಸ್ತಿ.

ಲೆಕ್ಕಿಗ

ಅರ್ಧ ಇಂಚು 12.7. ಮುಕ್ಕಾಲು ಇಂಚು 19.05. ಒಂದು ಇಂಚು 25.4.

ಮಾಲೀಕನ ಗುರುತಾದರೆ ಕಾಲು ಇಂಚಿನ ಅಂತರವನ್ನು ಇಷ್ಟು ಜಾಗ್ರತೆಯಿಂದ ಪಾಲಿಸುವ ಕಾರಣವಿರಲಿಲ್ಲ. ಮೂರನ್ನೂ ಅಳೆದೇ ಹೊಡೆದಿದ್ದಾರೆ.

ಕುಲುಮೆಕಿಡಿ

ಓಹೋ! ಹಾಗಿದ್ದರೆ ಇದನ್ನು ಬಳಸಿದವರು ತುಂಬಾ ಯೋಚನೆ ಮಾಡಿದವರು. ನನ್ನ ಊಹೆ ಹೇಳುತ್ತೇನೆ, ಪರೀಕ್ಷೆ ಮಾಡಿ ನೋಡಿ.

ಗಾಲಿಯ ಮೇಲೆ ಕಚ್ಚಿನಿಂದ ಶುರು ಮಾಡಿ ಉರುಳಿಸುತ್ತೇವೆ, ಕೊನೆಗೆ ಬಿಲ್ಲೆಯ ಮೇಲೆ ಗೀಟು ಹಾಕುತ್ತೇವೆ. ಹಳಿಯ ಒಳಗೆ ಉರುಳಿಸುವಾಗ ಕಚ್ಚಿನಿಂದ ಶುರು ಮಾಡುವ ಬದಲು ಚುಕ್ಕಿಯಿಂದ ಶುರು ಮಾಡಿದರೆ? ಮುಕ್ಕಾಲು ಇಂಚಿನ ಚುಕ್ಕಿಯನ್ನು ಹಳಿಯ ಗೀಟಿಗೆ ಇಟ್ಟು ಹೊರಟು, ಬಿಲ್ಲೆಯ ಮೇಲಿನ ಅದೇ ಹಳೆಯ ಗೀಟಿಗೇ ಬಂದು ಮುಗಿದರೆ, ಹಳಿ ಸರಿಯಾಗಿ ಮುಕ್ಕಾಲು ಇಂಚು ಚಿಕ್ಕದಿದೆ ಅಂತ ಅರ್ಥ. ಎರಡನೇ ಗೀಟು ಹಾಕುವುದೂ ಬೇಡ, ಅಂತರ ಅಳೆಯುವುದೂ ಬೇಡ. ಗೀಟು ಕೂಡಿಬಂದರೆ ಹಳಿ ಸರಿ, ಇಲ್ಲದಿದ್ದರೆ ಮತ್ತೆ ಬಡಿದು ಸರಿಮಾಡಬೇಕು.

ಇದು ನಿಜವಾಗಬೇಕಾದರೆ ಉರುಳಿಸುವ ದಿಕ್ಕು ಮುಖ್ಯ. ಕಚ್ಚು ದಾಟಿದ ಮೇಲೆ ಚುಕ್ಕಿಗಳು ಕೆಳಗೆ ಬರುವ ದಿಕ್ಕಿನಲ್ಲೇ ಹೋಗಬೇಕು. ಚುಕ್ಕಿಗಳು ಒಂದೇ ಪಕ್ಕದಲ್ಲಿವೆ ಅಂದಿರಲ್ಲ, ಅದು ಇದಕ್ಕೆ ಹೊಂದುತ್ತದೆ.

ಸುಮ್ನೆ_ಓದುಗ

ಹಾಗಾದರೆ ಓದಲು ಬರೆಯಲು ಬಾರದವರೂ ಇದನ್ನು ತಪ್ಪಿಲ್ಲದೆ ಬಳಸಬಹುದಿತ್ತು. ಮೂರು ಬಗೆಯ ಗಾಲಿಗೆ ಮೂರು ಚುಕ್ಕಿ, ಯಾವುದು ಯಾವುದಕ್ಕೆ ಅಂತ ನೆನಪಿದ್ದರೆ ಸಾಕು.

ಹಳೆಪೆಟ್ಟಿಗೆ

ನೆಲದ ಮೇಲೆ ನೇರ ಗೆರೆ ಎಳೆದು ನೋಡಿದೆ. ಒಂದು ಸಲ ಕಚ್ಚಿನಿಂದ ಹೊರಟು ಬಿಲ್ಲೆಯ ಗೀಟಿನವರೆಗೆ ಹೋದೆ. ಇನ್ನೊಂದು ಸಲ ಅದೇ ಜಾಗದಿಂದ ಮಧ್ಯದ ಚುಕ್ಕಿ ಇಟ್ಟು ಹೊರಟು, ಅಷ್ಟೇ ಸುತ್ತು ಉರುಳಿಸಿ, ಅದೇ ಗೀಟಿಗೆ ನಿಲ್ಲಿಸಿದೆ. ಎರಡನೆಯದು ಕಡಿಮೆ ದೂರ ಹೋಯಿತು. ವ್ಯತ್ಯಾಸ 19 ಮಿ.ಮೀ. ನೀವು ಹೇಳಿದಂತೆಯೇ ಕೆಲಸ ಮಾಡುತ್ತದೆ.

ಉಳಿಬಾಚಿ

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ತೋಚುವುದಿಲ್ಲ. ಆ ಚುಕ್ಕಿಗಳನ್ನು ಹೊಡೆದ ಕೈಗೆ ನಮಸ್ಕಾರ ಹೇಳಬೇಕು.

ಇನ್ನೊಂದು ಕೇಳಬೇಕಿತ್ತು. ಹಳಿ ಮಾಡುವಾಗ ಮೊದಲು ನೇರ ಪಟ್ಟಿಯನ್ನು ಕತ್ತರಿಸಬೇಕಲ್ಲ? ಆಗಲೂ ಇದೇ ಬಿಲ್ಲೆಯಾ?

ಕುಲುಮೆಕಿಡಿ

ಹೌದು. ಗಾಲಿಯ ಸುತ್ತನ್ನು ಬಿಲ್ಲೆಯ ಮೇಲೆ ಹಿಡಿದು, ನೇರ ಪಟ್ಟಿಯ ಮೇಲೆ ಅಷ್ಟೇ ಉರುಳಿಸಿ ಗುರುತು ಹಾಕುತ್ತಾರೆ. ಆದರೆ ಅಲ್ಲಿಗೇ ಕತ್ತರಿಸಿದರೆ ಕೆಟ್ಟಿತು. ಪಟ್ಟಿಯನ್ನು ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಗಾಲಿಗೆ ತಾಗುವುದು ಕುಗ್ಗಿದ ಒಳಮೈ. ಅದಕ್ಕೆ ಪಟ್ಟಿಯ ದಪ್ಪದ ಮೂರರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಉದ್ದ ಸೇರಿಸಬೇಕು. 12 ಮಿ.ಮೀ. ದಪ್ಪದ ಪಟ್ಟಿಗೆ ಸುಮಾರು 38 ಮಿ.ಮೀ. ಬೆಸೆಯುವಾಗ ತುದಿಗಳು ಒಂದರ ಮೇಲೊಂದು ಕೂರಬೇಕು, ಅದಕ್ಕೂ ಬೇರೆ ಪಾಲು ಬಿಡಬೇಕು. ಬೆಸೆದ ಮೇಲೆ ಒಳಗೆ ಬಿಲ್ಲೆ ಉರುಳಿಸಿ ನೋಡುವುದು ಕೊನೆಯ ಪರೀಕ್ಷೆ.

ಲೆಕ್ಕಿಗ

ಮೂರಕ್ಕಿಂತ ಸ್ವಲ್ಪ ಜಾಸ್ತಿ ಅಂದರೆ 3.14. ಸುತ್ತಳತೆಗೂ ವ್ಯಾಸಕ್ಕೂ ಇರುವ ಅದೇ ಲೆಕ್ಕ ಇಲ್ಲಿಗೂ ಬಂತು.

ಹೊಲಿಗೆಪುಟ

ಇಂಥ ಚಕ್ರಗಳು ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದವು ಅಲ್ವಾ? ಅಂಕಿ ಇರುವ ಒಂದನ್ನು ನೋಡಿದ ನೆನಪು.

ಕುಲುಮೆಕಿಡಿ

ಆಗುತ್ತಿದ್ದವು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ರೀನ್‌ಫೀಲ್ಡ್‌ನಲ್ಲಿದ್ದ ವೈಲಿ ಅಂಡ್ ರಸೆಲ್ ಕಂಪನಿ ಮಾಡಿದ ಎರಕದ ಚಕ್ರಗಳು ಈಗಲೂ ಸಂಗ್ರಹಕಾರರ ಬಳಿ ಇವೆ. ಕಾರ್ಖಾನೆಯ ಚಕ್ರಗಳಲ್ಲಿ 24 ಇಂಚಿನ ಸುತ್ತಳತೆ, ಅಂಚಿನ ಗುಂಟ ಇಂಚಿನ ಗುರುತು ಇರುವುದು ಸಾಮಾನ್ಯ. ಕೆಲವಕ್ಕೆ ಸೀಮೆಸುಣ್ಣದ ಬದಲು ತಿರುಗಿಸಿ ನಿಲ್ಲಿಸುವ ಮುಳ್ಳು ಇರುತ್ತದೆ. ಲೆಕ್ಕಿಗರು 24 ಇಂಚು ಅಂತ ಕೇಳಿದ್ದು ಸರಿಯಾದ ಪ್ರಶ್ನೆಯೇ. ಈ ಪೆಟ್ಟಿಗೆಯದು ಕೈಯಲ್ಲಿ ಬಡಿದು ಮಾಡಿದ್ದು, ಅದಕ್ಕೆ ಅಂಕಿಯಿಲ್ಲ.

ಹಳಿಯನ್ನು ಬಿಸಿ ಮಾಡಿ ಏರಿಸುವ ವಿದ್ಯೆ ಮಾತ್ರ ತುಂಬಾ ಹಳೆಯದು. ಯುರೋಪಿನ ಕಬ್ಬಿಣ ಯುಗದ ಕೆಲ್ಟ್ ಜನರ ಸಮಾಧಿಗಳಲ್ಲಿ ಸಿಕ್ಕ ರಥಗಳಲ್ಲೇ ಒಂದೇ ತುಂಡಿನ ಹಳಿ ಇದೆ. ಆಮೇಲೆ ಅದೇ ಯುರೋಪಿನಲ್ಲಿ, ಒಂದೇ ಹಳಿಯ ಬದಲು ತುಂಡು ತುಂಡು ಕಬ್ಬಿಣವನ್ನು ಗಾಲಿಗೆ ಮೊಳೆಯಿಂದ ಹೊಡೆಯುವ ರೂಢಿಯೂ ಬಹುಕಾಲ ನಡೆಯಿತು. ತುಂಡುಗಳಿಗೆ ಇಂಥ ಬಿಲ್ಲೆ ಬೇಕಾಗುವುದಿಲ್ಲ.

ಹಳೆಪೆಟ್ಟಿಗೆ

ಈಗ ಇದನ್ನು ಸ್ವಚ್ಛ ಮಾಡುವುದು ಹೇಗೆ? ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ತುಕ್ಕು ತೆಗೆಯಬಹುದಾ?

ಉಳಿಬಾಚಿ

ದಯವಿಟ್ಟು ಬೇಡ! ಆ ಚುಕ್ಕಿಗಳು ಎಷ್ಟು ಆಳವಿವೆಯೋ ಗೊತ್ತಿಲ್ಲ. ವೈರ್ ಬ್ರಷ್ ಅವುಗಳ ಅಂಚನ್ನು ಮೊಂಡು ಮಾಡಿಬಿಡುತ್ತದೆ. ಅಂಚಿನ ಹೊಳಪು ಕೂಡ ಬಳಕೆಯ ಸಾಕ್ಷಿ, ಅದನ್ನು ಅಳಿಸಬೇಡಿ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಆಮೇಲೆ ಅತಿ ನಯವಾದ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿ. ಸಡಿಲ ತುಕ್ಕು ಹೋದರೆ ಸಾಕು, ಕಪ್ಪು ಬಣ್ಣ ಉಳಿಯಲಿ. ಹಿಡಿಕೆಯ ಮರಕ್ಕೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒರೆಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ.

ಲೆಕ್ಕಿಗ

ಕರೆಂಟ್ ಹಾಯಿಸಿ ತುಕ್ಕು ಬಿಡಿಸುವ ವಿಧಾನ ಯಾರಾದರೂ ಹೇಳಬಹುದು. ಅದು ಕೆಲಸ ಮಾಡುತ್ತದೆ, ಆದರೆ ಇನ್ನೊಂದು ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಕಟ್ಟಬೇಡಿ. ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಮರದ ಹಿಡಿಕೆ ಇರುವುದರಿಂದ ಇದನ್ನು ನೀರಿನಲ್ಲಿ ಮುಳುಗಿಸುವುದೇ ಬೇಡ ಅಂತ ನನ್ನ ಸಲಹೆ.

ಹಳೆಪೆಟ್ಟಿಗೆ

ಸರಿ, ಎಣ್ಣೆಯೇ ಸಾಕು. ಕೊನೆಯ ಪ್ರಶ್ನೆ. ನಡುವಿನ ರಿವೆಟ್ ಸ್ವಲ್ಪ ಸಡಿಲ ಇದೆ, ಬಿಲ್ಲೆ ಆಚೀಚೆ ಓಲಾಡುತ್ತದೆ. ಬಡಿದು ಬಿಗಿ ಮಾಡಲಾ?

ಕುಲುಮೆಕಿಡಿ

ಸುಮ್ನೆ ಇಡಲು ಆದರೆ ಮುಟ್ಟಬೇಡಿ. ಬಳಸುವ ಆಸೆಯಿದ್ದರೂ ಜಾಸ್ತಿ ಬಡಿಯಬೇಡಿ. ಬಿಗಿಯಾದ ಬಿಲ್ಲೆ ಉರುಳುವ ಬದಲು ಜಾರುತ್ತದೆ, ಅಳತೆ ಕೆಡುವುದು ಅಲ್ಲಿಯೇ. ಸ್ವಲ್ಪ ಸಡಿಲ ಇರುವುದೇ ಒಳ್ಳೆಯದು. ಓಲಾಟ ತೊಂದರೆ ಕೊಟ್ಟರೆ ಬಿಲ್ಲೆಗೂ ಕವಲಿಗೂ ನಡುವೆ ಎರಡೂ ಕಡೆ ತೆಳುವಾದ ಚರ್ಮದ ತುಂಡನ್ನು ಸೀಳಿ ತೂರಿಸಿ. ರಿವೆಟ್ ಬಿಚ್ಚಬೇಕಾಗಿಲ್ಲ, ಬೇಡ ಅನ್ನಿಸಿದಾಗ ಹಾಗೇ ಎಳೆದು ತೆಗೆಯಬಹುದು.

ಚರ್ಮಸೂಜಿ

ಆ ಚರ್ಮಕ್ಕೆ ಮೊದಲು ಮೇಣ ಹಚ್ಚಿ. ಇಲ್ಲದಿದ್ದರೆ ಗಾಳಿಯ ತೇವ ಹೀರಿಕೊಂಡು ಅಲ್ಲೇ ಮತ್ತೆ ತುಕ್ಕು ಹಿಡಿಸುತ್ತದೆ.